ಒಂದು ರೂಪಾಯಿಗೆ ಮೂರು ಲೈಫು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮೂವತ್ತೈದು ದಾಟಿದ ಯಾರನ್ನಾದ್ರೂ ಹಿಡಿದು ‘ಮುಸ್ತಾಫಾ ಗೊತ್ತಾ?’ ಅಂತ ಕೇಳಿ ನೋಡಿ. ಯಾವ ಬೀದಿಯ ಮುಸ್ತಾಫಾ ಅಂತ ಕೇಳೋರು ಕಡಿಮೆ. ಮೊದಲು ಮುಖದಲ್ಲಿ ಒಂದು ನಗು ಬರುತ್ತೆ. ಆಮೇಲೆ ಆ ಒಂದು ರೂಪಾಯಿಯ ಲೆಕ್ಕ ಶುರುವಾಗುತ್ತೆ.

ಆ ಆಟದ ಅಸಲಿ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಟ್ಟಿದ್ದು. ಮೂಲ ಒಂದು ಅಮೆರಿಕನ್ ಕಾಮಿಕ್ಸ್. ಆಡೋಕೆ ನಾಲ್ಕು ಪಾತ್ರಗಳು, ಕಥೆಯ ನಾಯಕ ಜ್ಯಾಕ್. ನಮ್ಮ ಹುಡುಗರು ಏನು ಮಾಡಿದ್ರು? ಜ್ಯಾಕ್‌ನನ್ನು ಪಕ್ಕಕ್ಕೆ ಕೂರಿಸಿದ್ರು. ಓಡಿ ಬಂದು ಹಾರಿ ಒದೆಯೋ ಮುಸ್ತಾಫಾನನ್ನು ಹೀರೋ ಮಾಡಿದ್ರು. ಆಟಕ್ಕೇ ಅವನ ಹೆಸರಿಟ್ಟರು. ಕಂಪನಿಯ ಬೋರ್ಡಿನ ಮೇಲೆ ಏನು ಬರೆದಿದೆ ಅಂತ ಯಾರೂ ಓದಲಿಲ್ಲ.

ಈಗ ಸಿನಿಮಾನೇ ನಾಚೋ ಹಾಗಿರೋ ಗೇಮ್‌ಗಳು ಜೇಬಿನಲ್ಲೇ ಇವೆ. ಆದ್ರೂ ಆ ಹಳೇ ಚುಕ್ಕಿ ಚುಕ್ಕಿ ಚಿತ್ರದ ಆಟಗಳು ಸಾಯ್ತಾ ಇಲ್ಲ. ಬಾಲ್ಯದ ನೆನಪು ಕಣ್ರೀ ಅಂತ ಹೇಳಿ ಸುಮ್ಮನಾಗಬಹುದು. ಆದ್ರೆ ಆಗ ಹುಟ್ಟೇ ಇರದ ಮಕ್ಕಳೂ ಇವತ್ತು ಪ್ಯಾಕ್-ಮ್ಯಾನ್ ಆಡ್ತಾವೆ, ಟೆಟ್ರಿಸ್ ಆಡ್ತಾವೆ. ಅವಕ್ಕೆ ಯಾವ ನೆನಪು? ಹಾಗಾಗಿ ಉತ್ತರ ನೆನಪಿನಲ್ಲಿಲ್ಲ, ಆಟದೊಳಗೇ ಇದೆ. ಅದನ್ನು ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1972. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸನಿವೇಲ್ ಅನ್ನೋ ಊರು. ಅಲ್ಲಿನ ಒಂದು ಬಾರ್‌ನಲ್ಲಿ ಅಟಾರಿ ಕಂಪನಿಯವರು ಒಂದು ಪೆಟ್ಟಿಗೆ ಇಟ್ಟರು. ಆಟದ ಹೆಸರು ಪಾಂಗ್. ಎರಡು ಗೆರೆ, ಒಂದು ಚುಕ್ಕಿ, ಅದೇ ಟೇಬಲ್ ಟೆನಿಸ್. ಕೆಲವೇ ದಿನದಲ್ಲಿ ಮಿಷನ್ ಕೆಟ್ಟಿದೆ ಅಂತ ಬಾರ್‌ನಿಂದ ಫೋನ್ ಬಂತು. ಅದನ್ನು ತಯಾರಿಸಿದ ಎಂಜಿನಿಯರ್ ಅಲನ್ ಆಲ್ಕಾರ್ನ್ ಹೋಗಿ ತೆಗೆದು ನೋಡಿದ್ರೆ, ಮಿಷನ್ ಕೆಟ್ಟಿರಲಿಲ್ಲ. ನಾಣ್ಯದ ಡಬ್ಬಿ ತುಂಬಿ ತುಳುಕ್ತಿತ್ತು!

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದ್ರು. ಮೇಲಿಂದ 55 ಶತ್ರುಗಳು ಸಾಲುಗಟ್ಟಿ ಇಳಿದು ಬರ್ತಾರೆ. ಕೊಲ್ತಾ ಹೋದಷ್ಟೂ ಉಳಿದವರ ವೇಗ ಜಾಸ್ತಿಯಾಗುತ್ತೆ, ನಮ್ಮ ಎದೆ ಬಡಿತವೂ ಜಾಸ್ತಿಯಾಗುತ್ತೆ. ಇದರ ಹಿಂದಿನ ಗುಟ್ಟು ಗೊತ್ತಾ? ಒಳಗಿದ್ದ ಚಿಪ್ ಇಂಟೆಲ್ 8080. ನಾವು ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ಬೈಕೊಂಡು ಕಲಿತ 8085ರ ಅಣ್ಣ. ಅಷ್ಟು ಶತ್ರುಗಳನ್ನು ಒಟ್ಟಿಗೆ ಓಡಿಸೋ ತಾಕತ್ತು ಅದಕ್ಕಿರಲಿಲ್ಲ. ಶತ್ರುಗಳು ಕಡಿಮೆಯಾದಂತೆ ಅದರ ಹೊರೆ ಇಳೀತಿತ್ತು, ಉಳಿದವರು ಬೇಗ ಬೇಗ ಚಲಿಸ್ತಿದ್ರು. ಯಂತ್ರದ ದೌರ್ಬಲ್ಯವೇ ಆಟದ ರೋಮಾಂಚನವಾಯ್ತು.

1980ರಲ್ಲಿ ಬಂತು ತೊರು ಇವಾತಾನಿಯವರ ಪ್ಯಾಕ್-ಮ್ಯಾನ್. ಅದರ ಪ್ರೋಗ್ರಾಂ ಬರೀ 16 ಕಿಲೋಬೈಟ್. ನಿಮ್ಮ ವಾಟ್ಸಾಪ್‌ಗೆ ದಿನಾ ಬೆಳಗ್ಗೆ ಬರೋ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದು. ಅಷ್ಟರಲ್ಲೇ ನಾಲ್ಕು ಭೂತಗಳಿಗೆ ನಾಲ್ಕು ಸ್ವಭಾವ. ಕೆಂಪು ಭೂತ ನೇರ ಬೆನ್ನು ಹತ್ತುತ್ತೆ. ಗುಲಾಬಿ ಭೂತ ನಾವು ಹೋಗೋ ದಾರಿಯ ಮುಂದೆ ಬಂದು ಅಡ್ಡ ಹಾಕೋಕೆ ನೋಡುತ್ತೆ. ಆಡ್ತಾ ಆಡ್ತಾ ಒಂದೊಂದರ ಬುದ್ಧಿ ನಮಗೆ ಅರ್ಥವಾಗುತ್ತೆ. 256ನೇ ಹಂತಕ್ಕೆ ತಲುಪಿದ್ರೆ ಅರ್ಧ ಪರದೆಯೇ ಕಲಸುಮೇಲೋಗರ. ಯಾಕಂದ್ರೆ ಹಂತ ಎಣಿಸೋಕೆ ಇಟ್ಟಿದ್ದ ಎಂಟು ಬಿಟ್‌ನಲ್ಲಿ 255ರ ಆಚೆ ಲೆಕ್ಕವೇ ಇಲ್ಲ.

ಈ ಕಥೆಗಳಲ್ಲೇ ಉತ್ತರವಿದೆ. ಜಾಗ ಕಡಿಮೆ ಇದ್ದಿದ್ದಕ್ಕೆ ನಿಯಮ ಸರಳವಾಯ್ತು. ಪಕ್ಕದಲ್ಲಿ ನಿಂತು ಅರ್ಧ ನಿಮಿಷ ನೋಡಿದ್ರೆ ಸಾಕು, ಆಡೋದು ಹೇಗೆ ಅಂತ ಗೊತ್ತಾಗ್ತಿತ್ತು. ಇಂಗ್ಲಿಷ್ ಬರಬೇಕಿಲ್ಲ. ಸೋತ್ರೆ ಅದು ನಮ್ಮ ಕೈಯ ತಪ್ಪು ಅಂತ ನಮಗೇ ತಿಳೀತಿತ್ತು. ಮುಂದಿನ ಸಲ ಎರಡು ಹೆಜ್ಜೆ ಮುಂದೆ ಹೋಗ್ತಿದ್ವಿ. ಇನ್ನೊಂದು ವಿಷಯ: ಆಟ ಮುಗೀತಿತ್ತು. ಮುಗಿದ್ರೆ ತಾನೇ ಅಂಗಡಿಯವನಿಗೆ ಮುಂದಿನ ನಾಣ್ಯ!

ನಮ್ಮವರಿಗೆ ಇದು ಹೊಸದಲ್ಲ. ನಾಡಿನ ಎಷ್ಟೋ ಹಳೇ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಮನೆಗಳನ್ನು ಕೆತ್ತಿದ್ದಾರೆ. ಗೆರೆ ಕೆಲವೇ, ನಿಯಮ ಎರಡೋ ಮೂರೋ. ಕಲಿಯೋಕೆ ಐದು ನಿಮಿಷ, ಪಳಗೋಕೆ ವರ್ಷಗಟ್ಟಲೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರು ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಅಂತ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಒಳ್ಳೇ ಆಟ ತಲೆಮಾರು ದಾಟುತ್ತೆ, ಅದು ಕಲ್ಲಿನ ಮೇಲಿರಲಿ, ಪರದೆಯ ಮೇಲಿರಲಿ.

ಸರಿ, ಜಪಾನಿನ ಆಟ ನಮ್ಮ ತಾಲ್ಲೂಕುಗಳಲ್ಲಿ ಯಾಕೆ ಹಾಗೆ ಬೇರೂರಿತು? ಕಾರಣ ಬಸ್ ಸ್ಟ್ಯಾಂಡು. ಕಡೂರು, ತರೀಕೆರೆ ಎರಡೂ ಬೆಂಗಳೂರು–ಶಿವಮೊಗ್ಗ ಹೆದ್ದಾರಿಯ ಊರುಗಳು. ಅಜ್ಜಂಪುರ ಬೀರೂರಿನಿಂದ ಮುಂದೆ ಹುಬ್ಬಳ್ಳಿ ಕಡೆ ಹೋಗೋ ರೈಲು ದಾರಿಯ ಊರು. ಇಲ್ಲಿ ಕಾಯೋದೇ ಒಂದು ಕೆಲಸ. ಯಗಟಿ, ಪಂಚನಹಳ್ಳಿಯಿಂದ ಕಡೂರಿಗೆ, ಲಕ್ಕವಳ್ಳಿ, ಲಿಂಗದಹಳ್ಳಿಯಿಂದ ತರೀಕೆರೆಗೆ, ಬುಕ್ಕಾಂಬುಧಿಯಿಂದ ಅಜ್ಜಂಪುರಕ್ಕೆ ಓದೋಕೆ ಬರೋ ಹುಡುಗರಿಗೆ ಕ್ಲಾಸ್ ಮುಗಿದ ಮೇಲೆ ಮುಂದಿನ ಬಸ್ಸಿನವರೆಗೆ ಕಾಯಬೇಕು. ಇಂಥ ಊರುಗಳ ವಿಡಿಯೋ ಗೇಮ್ ಅಂಗಡಿ ಬದುಕಿದ್ದೇ ಆ ಕಾಯೋ ಹೊತ್ತಿನ ಮೇಲೆ. ಪ್ಲೈವುಡ್ ಪೆಟ್ಟಿಗೆ, ಒಳಗೆ ಟಿವಿಯ ಪಿಕ್ಚರ್ ಟ್ಯೂಬು, ಒಂದು ಬೋರ್ಡು. ಆಡೋನು ಒಬ್ಬ, ಹಿಂದೆ ನಿಂತು ‘ಲೇ, ಎಡಕ್ಕೆ ಹೋಗೋ’ ಅನ್ನೋರು ಆರು ಜನ. ಕರೆಂಟು ಹೋಯ್ತು ಅಂದ್ರೆ ಎಲ್ಲರದ್ದೂ ಒಂದೇ ಉದ್ಗಾರ. ಹಳ್ಳಿಯ ಹುಡುಗ, ಪೇಟೆಯ ಸಾಹುಕಾರನ ಮಗ, ಇಬ್ಬರಿಗೂ ಒಂದು ರೂಪಾಯಿಗೆ ಅಷ್ಟೇ ಲೈಫು. ಆ ಪೆಟ್ಟಿಗೆ ಮುಂದೆ ಮನೆತನ ಕೇಳೋರಿಲ್ಲ, ಕೈಚಳಕ ಒಂದೇ.

ಹಾಗಂತ ಇದನ್ನೆಲ್ಲ ಸತ್ಯಯುಗ ಮಾಡಿ ತೋರಿಸೋದು ಬೇಡ. ತರಕಾರಿಗೆ ಕೊಟ್ಟ ಚಿಲ್ಲರೆ ಮಿಷನ್ ಹೊಟ್ಟೆ ಸೇರಿದ್ದೂ ಉಂಟು, ಕ್ಲಾಸಿಗೆ ಚಕ್ಕರ್ ಹೊಡೆದಿದ್ದೂ ಉಂಟು. ಅಪ್ಪಂದಿರು ಕಿವಿ ಹಿಂಡಿ ಎಳ್ಕೊಂಡು ಹೋಗಿದ್ದಕ್ಕೆ ಕಾರಣ ಇತ್ತು. ವಿಷಯ ಕೋರ್ಟಿಗೂ ಹೋಯ್ತು. ಬೆಂಗಳೂರಿನ ವಿಡಿಯೋ ಗೇಮ್ ಅಂಗಡಿಗಳ ಲೈಸೆನ್ಸ್ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿ 1995ರಲ್ಲಿ ತೀರ್ಪು ಬಂತು. ಲೈಸೆನ್ಸ್ ಬೇಕೇ ಬೇಕು, ನಿಯಂತ್ರಿಸೋ ಅಧಿಕಾರ ಸರ್ಕಾರಕ್ಕಿದೆ ಅಂತ ಕೋರ್ಟ್ ಹೇಳ್ತು. ಅಲ್ಲಿ ಚರ್ಚೆಯಾದ ದೊಡ್ಡ ಪ್ರಶ್ನೆ: ಇದು ಕೌಶಲವಾ, ಅದೃಷ್ಟವಾ? ಅದೃಷ್ಟವೇ ಮೇಲುಗೈಯಾದ್ರೆ ಅದು ಜೂಜು.

ಅದೇ ಪ್ರಶ್ನೆ ಇವತ್ತು ಮೊಬೈಲ್ ರೂಪದಲ್ಲಿ ವಾಪಸ್ ಬಂದಿದೆ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳ ವಿರುದ್ಧ ಕಾಯ್ದೆ ಮಾಡ್ತು.

ಕಾನೂನು ತನ್ನ ದಾರಿಯಲ್ಲಿ ಹೋಗಲಿ. ಮನೆಯಲ್ಲಿ ನಾವು ಗಮನಿಸಬೇಕಾದ ವ್ಯತ್ಯಾಸ ಬೇರೆ ಇದೆ. ಹಳೇ ಪೆಟ್ಟಿಗೆಯೂ ನಮ್ಮ ದುಡ್ಡಿಗೇ ಕಣ್ಣಿಟ್ಟಿತ್ತು, ಸಂಶಯವೇ ಇಲ್ಲ. ಆದ್ರೆ ಅದಕ್ಕೆ ಸಿಗ್ತಿದ್ದಿದ್ದು ಜೇಬಿನಲ್ಲಿದ್ದ ಚಿಲ್ಲರೆ ಮಾತ್ರ. ಪರದೆ ಮೇಲೆ ಒಂಬತ್ತು, ಎಂಟು, ಏಳು ಅಂತ ಅಂಕಿ ಇಳೀತಿತ್ತು. ಇನ್ನೊಂದು ನಾಣ್ಯ ಇಲ್ಲಾಂದ್ರೆ ‘ಗೇಮ್ ಓವರ್’. ಹುಡುಗ ಬ್ಯಾಗ್ ಎತ್ಕೊಂಡು ಬಸ್ ಹತ್ತುತಿದ್ದ. ಇವತ್ತಿನ ಹಣದ ಆ್ಯಪ್‌ಗೆ ಜೇಬಿನ ತಳ ಕಾಣೋದಿಲ್ಲ. ಯುಪಿಐ ಇದೆ, ಸಾಲದ ಆ್ಯಪ್ ಇದೆ, ಸಂಬಳದ ಖಾತೆ ಇದೆ. ಬಸ್ ಬಂತು ಕಣೋ ಅಂತ ಹೆಗಲು ತಟ್ಟೋಕೆ ಹಿಂದೆ ಆರು ಜನ ನಿಂತಿರೋದಿಲ್ಲ.

ಮಕ್ಕಳು ಆಟ ಆಡ್ತಾವೆ, ಆಡಲೇಬೇಕು. ನಿಮ್ಮ ಮಗ ಮೊಬೈಲ್ ಹಿಡಿದು ಕೂತಿದ್ರೆ ಬೈಯೋಕೆ ಮುಂಚೆ ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳಿ. ಈ ಆಟ ಕೈಚಳಕದ್ದಾ, ಅದೃಷ್ಟದ್ದಾ? ಇದು ದುಡ್ಡು ಕೇಳುತ್ತಾ? ಇದು ಎಲ್ಲಿಗೆ ಮುಗಿಯುತ್ತೆ? ಮೂರನೇ ಪ್ರಶ್ನೆಗೆ ಅವನ ಹತ್ರ ಉತ್ತರ ಇಲ್ಲಾಂದ್ರೆ, ಚಿಂತೆ ಮಾಡಬೇಕಾದ್ದು ಅಲ್ಲಿ.