ಪೆಂಗ್ವಿನ್ ಚೇತರಿಕೆ

ಗೂಗಲ್‌ನ ‘ಪೆಂಗ್ವಿನ್’ ಅಲ್ಗಾರಿದಂನಿಂದಾಗಿ ಹುಡುಕಾಟದ ಫಲಿತಾಂಶಗಳಲ್ಲಿ ಕೆಳಗಿಳಿದ ಜಾಲತಾಣವನ್ನು ಮತ್ತೆ ಮೇಲಕ್ಕೆ ತರುವ ಕ್ರಮ. 2012ರ ಏಪ್ರಿಲ್ 24ರಂದು ಪ್ರಕಟವಾದ ಪೆಂಗ್ವಿನ್, ರ‍್ಯಾಂಕಿಂಗ್ ಏರಿಸಲೆಂದೇ ಹೆಣೆದ ಕೊಂಡಿಜಾಲಗಳನ್ನೂ ಪುಟಗಳಲ್ಲಿ ಕೀವರ್ಡ್ ತುರುಕುವುದನ್ನೂ ಗುರಿಯಾಗಿಸಿತ್ತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇ. 3.1ರಷ್ಟರಲ್ಲಿ ಇದರ ಪರಿಣಾಮ ಕಾಣುವುದೆಂದು ಗೂಗಲ್ ಹೇಳಿತ್ತು.

ಪೆಂಗ್ವಿನ್‌ನಿಂದಾದ ಇಳಿಕೆ ಸಿಬ್ಬಂದಿ ಪರಿಶೀಲಿಸಿ ವಿಧಿಸುವ ಕ್ರಮವಲ್ಲದ ಕಾರಣ ಮರುಪರಿಶೀಲನೆಯ ಅರ್ಜಿಗೆ ಅವಕಾಶವಿರಲಿಲ್ಲ. ಚೇತರಿಕೆಯ ಕೆಲಸದ ಹೆಚ್ಚಿನ ಭಾಗ ಒಳಬರುವ ಕೊಂಡಿಗಳ ತಪಾಸಣೆ. ಪಾದರಕ್ಷೆ ಮಾರುವ ತಾಣವೊಂದಕ್ಕೆ ಸಂಬಂಧವೇ ಇಲ್ಲದ ನೂರಾರು ಪುಟಗಳು ‘ಅಗ್ಗದ ಶೂ’ ಎಂಬ ಒಂದೇ ಪದಪುಂಜದಿಂದ ಕೊಂಡಿ ಕೊಟ್ಟಿದ್ದರೆ ಅದು ಕೃತಕತೆಯ ಎದ್ದುಕಾಣುವ ಗುರುತು. ಅಂಥವನ್ನು ಮೊದಲು ಆಯಾ ತಾಣದವರಿಂದಲೇ ತೆಗೆಸಬೇಕು. ಆಗದಿದ್ದರೆ 2012ರ ಅಕ್ಟೋಬರ್‌ನಲ್ಲಿ ಬಂದ ‘ಡಿಸ್‌ಅವೋ’ ಸಾಧನದ ಮೂಲಕ ನಿರಾಕರಿಸಬಹುದು. ಸಾಲಿಗೊಂದು ವಿಳಾಸ ಅಥವಾ ಇಡೀ ಡೊಮೈನ್ ಬರೆದ ಸಾದಾ ಪಠ್ಯ ಕಡತವೇ ಇದಕ್ಕೆ ಸಾಕು. ಆದರೆ ಕಣ್ತಪ್ಪಿ ಒಳ್ಳೆಯ ಕೊಂಡಿ ಸೇರಿಕೊಂಡರೆ ನಷ್ಟ ತಾಣದ್ದೇ.

ಶುದ್ಧೀಕರಣ ಮುಗಿದರೂ ಫಲ ಕಾಣಲು ಪೆಂಗ್ವಿನ್‌ನ ಮುಂದಿನ ಪರಿಷ್ಕರಣೆಯವರೆಗೆ ಕಾಯಬೇಕಿತ್ತು. 2014ರ ಅಕ್ಟೋಬರ್‌ನ 3.0 ಆವೃತ್ತಿಗೂ 2016ರ ಸೆಪ್ಟೆಂಬರ್‌ನ 4.0ಕ್ಕೂ ನಡುವೆ ಹೆಚ್ಚುಕಡಿಮೆ ಎರಡು ವರ್ಷಗಳ ಅಂತರವಿತ್ತು; ವ್ಯಾಪಾರಿ ತಾಣಗಳಿಗೆ ಇದು ದಂಡನೆಗಿಂತ ದೊಡ್ಡ ಹೊರೆ. 4.0ರೊಂದಿಗೆ ಪೆಂಗ್ವಿನ್ ಮೂಲ ಅಲ್ಗಾರಿದಂನಲ್ಲೇ ಸೇರಿ, ಗೂಗಲ್ ಪುಟವನ್ನು ಮತ್ತೆ ಓದಿದಾಗಲೇ ಬದಲಾವಣೆ ಲೆಕ್ಕಕ್ಕೆ ಬರುವಂತಾಯಿತು. ಇಡೀ ತಾಣವನ್ನು ಕೆಳಗಿಳಿಸುವ ಬದಲು ಕೃತಕ ಕೊಂಡಿಗಳ ಬೆಲೆಯನ್ನಷ್ಟೇ ಕಳೆಯುವುದು ಈಗಿನ ರೀತಿ. ಹಿಂದಿನ ಸ್ಥಾನ ಅದೇ ಕೊಂಡಿಗಳ ಬಲದಿಂದ ದೊರೆತಿದ್ದರೆ ಅದು ಮರಳಿ ಬರುವುದಿಲ್ಲ.