ಸಗಣಿಯೋ ಗೋಮಯವೋ: ಶೀಲಾ ಗೌಡ ಅವರ ಕಲೆಯಲ್ಲಿ ವಸ್ತು ಮತ್ತು ಮಾತು

ಕೆಲವು ವರ್ಷಗಳ ಹಿಂದೆ ನಮ್ಮ ಸಂಶೋಧನ ವಿದ್ಯಾರ್ಥಿಯೊಬ್ಬರು ಶೀಲಾ ಗೌಡ ಅವರ ಕೃತಿಗಳ ಇಂಗ್ಲಿಷ್ ಸೂಚಿಯೊಂದನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದರು. ಬಳಸಿದ ವಸ್ತುಗಳ ಪಟ್ಟಿಯಲ್ಲಿ ಮೊದಲು ‘ಸಗಣಿ’ ಎಂದು ಬರೆದು, ಅದನ್ನು ಹೊಡೆದುಹಾಕಿ ‘ಗೋಮಯ’ ಎಂದು ತಿದ್ದಿ, ಕೊನೆಗೆ ಅದನ್ನೂ ಹೊಡೆದುಹಾಕಿ ಹಾಳೆಯನ್ನು ನಮ್ಮ ಮುಂದಿಟ್ಟರು. ಸಂಶೋಧನ ಬರಹದಲ್ಲಿ ‘ಸಗಣಿ’ ಎಂದರೆ ಹಗುರವಾದೀತೆಂಬ ಅಳುಕು ಒಂದು ಕಡೆ. ‘ಗೋಮಯ’ವೆಂದರೆ ಪಂಚಗವ್ಯದ ಬಟ್ಟಲು ನೆನಪಾದೀತೆಂಬ ಶಂಕೆ ಇನ್ನೊಂದು ಕಡೆ. ಇಂಗ್ಲಿಷ್ ಪಟ್ಟಿಗೆ ಈ ತೊಡಕಿಲ್ಲ. ಅಲ್ಲಿರುವುದು ಒಂದೇ ಪದ. ಈ ಕಲಾವಿದೆಯ ಕೆಲಸವನ್ನು ತಿಳಿಯಲು ಆ ತೊಡಕೇ ಸರಿಯಾದ ಬಾಗಿಲು ಎಂಬುದು ನಮ್ಮ ಅಭಿಪ್ರಾಯ.

ಶೀಲಾ ಗೌಡ ಅವರು ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಜನಪದ ಸಂಗೀತವನ್ನೂ ವಸ್ತುಗಳನ್ನೂ ಸಂಗ್ರಹಿಸುತ್ತಿದ್ದ ತಂದೆಯ ಕಾರಣದಿಂದ ಅವರ ಬಾಲ್ಯ ಪೇಟೆ ಮತ್ತು ಹಳ್ಳಿಗಳೆರಡರಲ್ಲಿಯೂ ಕಳೆಯಿತು. (ಭದ್ರಾವತಿಯು ಕಬ್ಬಿಣದ ಕಾರ್ಖಾನೆಯ ಊರೆಂಬುದನ್ನು ಅವರ ಮುಂದಿನ ತಗಡಿನ ಕೃತಿಗಳಿಗೆ ಗಂಟುಹಾಕುವ ಆಸೆ ನಮಗೂ ಆಗುತ್ತದೆ, ಅದು ಅತಿಯಾದೀತು.) ಬೆಂಗಳೂರಿನಲ್ಲಿ ಆರ್. ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ 1979ರವರೆಗೆ ವ್ಯಾಸಂಗ, ಬಳಿಕ ಶಾಂತಿನಿಕೇತನದ ವಿಶ್ವಭಾರತಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಸ್ನಾತಕೋತ್ತರ ಪದವಿ. ಈ ಶಿಕ್ಷಣವೆಲ್ಲವೂ ಚಿತ್ರಕಲೆಯದು. ಲಂಡನ್ನಿನಿಂದ ಮರಳಿದ ಮೇಲೆಯೂ ಕೆಲವು ವರ್ಷ ಅವರು ಎಣ್ಣೆಬಣ್ಣದಲ್ಲಿಯೇ ದುಡಿದರು.

ಹೊರಳುವಿಕೆ ಬಂದದ್ದು 1990ರ ದಶಕದ ಆರಂಭದಲ್ಲಿ. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿತು. ಅದರ ಬೆನ್ನಿಗೇ ಮುಂಬಯಿಯಲ್ಲಿ ಎದ್ದ ಹಿಂಸಾಚಾರ 1993ರ ಜನವರಿಯಲ್ಲಿಯೂ ಮುಂದುವರಿಯಿತು. ಮುಂಬಯಿ ಕನ್ನಡಿಗರಲ್ಲಿ ಆ ದಿನಗಳನ್ನು ಬಾಗಿಲ ಹಿಂದೆ ಕುಳಿತು ಕಳೆದವರು ಈಗಲೂ ಇದ್ದಾರೆ. ಚೌಕಟ್ಟಿನ ಚಿತ್ರ ಈ ಕಾಲಕ್ಕೆ ಸಾಲದೆಂದು ಆಗ ಹಲವು ಕಲಾವಿದರಿಗೆ ಅನ್ನಿಸಿತು. ಬೆಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, 1999ರಲ್ಲಿ ತೀರಿಕೊಂಡ ರುಮ್ಮಾನಾ ಹುಸೇನ್ ಅವರು ಒಡೆದ ಮಣ್ಣಿನ ಮಡಕೆಗಳನ್ನು ಕೈಗೆತ್ತಿಕೊಂಡರು. ಶೀಲಾ ಗೌಡ ಅವರು ಎತ್ತಿಕೊಂಡದ್ದು ಸಗಣಿಯನ್ನು.

ಈ ಆಯ್ಕೆಯ ತೂಕವನ್ನು ನಿಧಾನವಾಗಿ ನೋಡಬೇಕು. ಹಸು ಒಂದು ರಾಜಕೀಯ ಘೋಷಣೆಯಾಗಿದ್ದ ಕಾಲದಲ್ಲಿ ಹಸುವಿನ ಸಗಣಿಯನ್ನು ಮುಟ್ಟುವುದೆಂದರೆ ಎರಡು ಅಪಾಯಗಳ ನಡುವೆ ನಿಲ್ಲುವುದು. ಅದನ್ನು ಹೀಗಳೆದರೆ ಹಳ್ಳಿಯ ಹೆಣ್ಣಿನ ದಿನನಿತ್ಯದ ದುಡಿಮೆಯನ್ನು ಹೀಗಳೆದಂತೆ. ಪೂಜಿಸಿದರೆ ಘೋಷಣೆ ಕೂಗುವವರ ಸಾಲಿಗೆ ಸೇರಿದಂತೆ. ಕನ್ನಡದಲ್ಲಿ ‘ಗೋಮಯ’ವು ಶುದ್ಧಿಯ ಮಾತು, ‘ಸಗಣಿ’ಯು ಕೆಲಸದ ಮಾತು. ಬಾಚುವುದು, ಕಲಸುವುದು, ಸಾರಿಸುವುದು, ಬೆರಣಿ ತಟ್ಟುವುದು, ಒಲೆಗೆ ಒಡ್ಡುವುದು, ಇವೆಲ್ಲ ಸಗಣಿಯ ಕ್ರಿಯಾಪದಗಳು, ಗೋಮಯಕ್ಕೆ ಪ್ರೋಕ್ಷಣೆಯಷ್ಟೇ. ಆದರೆ ಹಳ್ಳಿಯ ಮನೆಯಲ್ಲಿ ಇವೆರಡೂ ಹೀಗೆ ಬೇರೆಯಾಗಿ ಕುಳಿತಿಲ್ಲವೆಂಬುದೂ ನಿಜ. ಉತ್ತರ ಕರ್ನಾಟಕದಲ್ಲಿ ದೀಪಾವಳಿಯ ಬಲಿಪಾಡ್ಯಮಿಯಂದು ಹೆಂಗಸರು ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿಟ್ಟು ಹೂ ಮುಡಿಸುತ್ತಾರೆ. ಅವನ್ನು ‘ಸಗಣಿಯ ಪಾಂಡವರು’ ಎನ್ನಲು ಯಾರೂ ನಾಚುವುದಿಲ್ಲ. ಶೀಲಾ ಗೌಡ ಅವರು ಸಗಣಿಯನ್ನು ಮೊದಲು ಚಿತ್ರದ ಮೇಲೆ ಬಣ್ಣದಂತೆ ಬಳಸಿ, ಆಮೇಲೆ ಅದನ್ನೇ ಇಟ್ಟಿಗೆಯಾಗಿ, ಉಂಡೆಯಾಗಿ ರೂಪಿಸಿ ನೆಲಕ್ಕಿಳಿಸಿದರು. 1996ರ ‘ಮಾರ್ಟರ್ ಲೈನ್’ ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳ ಸಾಲಿನ ನಡುವೆ ಕುಂಕುಮದ ಕೆಂಪು ಹರಿಯುತ್ತದೆ. ಗಾರೆಯೋ ಗಾಯವೋ, ಕಲಾವಿದೆ ಹೇಳುವುದಿಲ್ಲ.

ಈ ಪ್ರಕಾರಕ್ಕೆ ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಎಂಬ ಹೆಸರು ರೂಢಿಯಾಗಿದೆ. ದೇವರನ್ನು ನೆಲೆಗೊಳಿಸುವ ಮಾತನ್ನು ಪ್ರದರ್ಶನ ಮುಗಿದೊಡನೆ ಕಳಚುವ ಕಲೆಗೆ ಹಚ್ಚಿದ್ದು ಅಸಂಗತವೆಂದು ನಾವು ಮೊದಲು ಭಾವಿಸಿದ್ದೆವು. ಗಣಪತಿಯ ಪ್ರತಿಷ್ಠಾಪನೆಗೆ ವಿಸರ್ಜನೆಯೂ ಉಂಟಲ್ಲವೇ ಎಂದು ಮಿತ್ರರೊಬ್ಬರು ನೆನಪಿಸಿದ ಮೇಲೆ ಆಕ್ಷೇಪವನ್ನು ಹಿಂದೆಗೆದುಕೊಂಡೆವು.

1998ರ ಕೃತಿಯ ಹೆಸರು ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ನನ್ನ ನೋವನ್ನೂ ಅವನಿಗೆ ತಿಳಿಸು ಎಂದರ್ಥ. ವಸ್ತುಗಳು ಮೂರೇ: ದಾರ, ಸೂಜಿ, ಕುಂಕುಮ. ಬಹಳ ಉದ್ದದ ಒಂದೊಂದು ದಾರವನ್ನೂ ಸೂಜಿಯ ಕಣ್ಣಿನಲ್ಲಿ ಪೋಣಿಸಿ ನಡುವಿನವರೆಗೆ ಎಳೆದು, ಅಂಥ ಅನೇಕ ಎಳೆಗಳನ್ನು ಕುಂಕುಮ ಕಲಸಿದ ಅಂಟಿನಿಂದ ಒಂದುಗೂಡಿಸಿ ಹೊಸೆದ ಕೆಂಪು ಹುರಿ ಗೋಡೆಯಿಂದ ಗೋಡೆಗೆ, ನೆಲದ ಮೇಲೆ ಸುರುಳಿಯಾಗಿ ಹರಿದಾಡುತ್ತದೆ. ಅದರ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಪಾಶ್ಚಾತ್ಯ ವಿಮರ್ಶಕರು ಇಲ್ಲಿ ಮಿನಿಮಲಿಸಂ ನಂತರದ ಶಿಲ್ಪದ ಪರಂಪರೆಯನ್ನು ಗುರುತಿಸುತ್ತಾರೆ, ಅದು ತಪ್ಪಲ್ಲ. ಕನ್ನಡದ ನೋಡುಗನಿಗಾದರೋ ಮೊದಲು ಹೊಳೆಯುವುದು ‘ಕರುಳ ಬಳ್ಳಿ’ ಎಂಬ ಮಾತು. ಹೊಲಿಯುವ ಸೂಜಿಯೇ ಚುಚ್ಚುವ ಸೂಜಿಯಾಗುವುದನ್ನೂ, ಮುತ್ತೈದೆತನದ ಕುಂಕುಮವೇ ರಕ್ತದ ಬಣ್ಣವಾಗುವುದನ್ನೂ ಈ ಕೃತಿ ಒಂದೇ ಉಸಿರಿನಲ್ಲಿ ಕಾಣಿಸುತ್ತದೆ. ಇವರ ಕೃತಿಗಳಲ್ಲಿ ಇದೇ ಶ್ರೇಷ್ಠವಾದುದೆಂದು ನಾವು ಎಣಿಸುತ್ತೇವೆ.

ಆಮೇಲಿನ ಕೃತಿಗಳು ಮನೆಯಂಗಳದಿಂದ ಬೀದಿಗೆ ಬರುತ್ತವೆ. 2006ರ ‘ಡಾರ್ಕ್‌ರೂಮ್’ ಡಾಂಬರಿನ ಡ್ರಮ್ಮುಗಳಿಂದ ಕಟ್ಟಿದ ಕೋಟೆಯಂಥ ಗುಡಿಸಲು. ಒಳಗೆ ಬಗ್ಗಿ ತೆವಳಿ ಹೋಗಬೇಕು; ಮೇಲಿನ ತಗಡಿನ ಸಣ್ಣ ರಂಧ್ರಗಳಿಂದ ಬೆಳಕು ನಕ್ಷತ್ರಗಳಂತೆ ಇಣುಕುತ್ತದೆ. ರಸ್ತೆ ಹಾಕುವ ಕೂಲಿಕಾರರು ಖಾಲಿ ಡ್ರಮ್ಮುಗಳನ್ನು ಸೀಳಿ, ತಟ್ಟಿ, ಗುಡಿಸಲಿನ ಗೋಡೆಯಾಗಿ ನಿಲ್ಲಿಸಿಕೊಳ್ಳುವುದನ್ನು ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಕಂಡವರಿಗೆ ಇದರ ಮೂಲ ತಿಳಿಯುತ್ತದೆ. 2008ರ ಕೃತಿಗೆ ಕಲಾವಿದೆ ‘ಕಾಗೆಬಂಗಾರ’ ಎಂದೇ ಹೆಸರಿಟ್ಟರು; ಡಾಂಬರಿನ ತಗಡು ಮತ್ತು ಟಾರ್ಪಾಲಿನ ನಡುವೆ ಅಭ್ರಕ ಮಿನುಗುತ್ತದೆ. ವಿದೇಶಗಳಲ್ಲಿ ಇದನ್ನು ರೋಮನ್ ಲಿಪಿಯಲ್ಲಿ ಓದುವವರಿಗೆ ಇದೊಂದು ನಿಗೂಢ ಶಬ್ದ. ಹೊಳೆಯುವುದೆಲ್ಲ ಕಾಗೆಯ ಪಾಲಿನ ಬಂಗಾರವೆಂಬ ನಗೆ ಅಲ್ಲಿ ಕೇಳಿಸದು. 2017ರ ‘ವಾಟ್ ಯೆಟ್ ರಿಮೇನ್ಸ್’ ಕೃತಿಯಲ್ಲಿ ಡ್ರಮ್ಮಿನ ತಗಡಿನಿಂದ ಬಾಂಡ್ಲಿಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ, ದುಂಡನೆಯ ತೂತುಗಳ ಹಾಳೆಯನ್ನು ಬಳಸಿದ್ದಾರೆ. ಬಾಂಡ್ಲಿಯೆಂದರೆ ಜಲ್ಲಿ, ಗಾರೆ ಹೊರುವ ಹೆಂಗಸಿನ ತಲೆಯ ಮೇಲಿರುವ ಪಾತ್ರೆಯೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

2009ರ ವೆನಿಸ್ ಬಿಯೆನಾಲೆಯಲ್ಲಿ ಕಂಡ ‘ಬಿಹೋಲ್ಡ್’ ಅವರ ಹೆಸರನ್ನು ದೂರ ಒಯ್ದಿತು. ಈಗದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸುಮಾರು 4,000 ಮೀಟರ್ ಉದ್ದದ, ಮನುಷ್ಯರ ಕೂದಲಿನ ಹಗ್ಗ. ಅದರಲ್ಲಿ ತೂಗುವ 20 ಬಂಪರುಗಳು. ಕೂದಲು ಹರಕೆಗೆ ಕೊಟ್ಟ ಮುಡಿ. ನೀಳವಾದ ಕೂದಲು ಟೋಪನ್ನಿಗಾಗಿ ಪರದೇಶಕ್ಕೆ ಹೋದರೆ, ಗಿಡ್ಡ ಕೂದಲು ಇಲ್ಲಿಯೇ ಉಳಿದು ಹಗ್ಗವಾಗಿ, ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕಟ್ಟಿಸಿಕೊಳ್ಳುತ್ತದೆ. ಕೃತಿಯಲ್ಲಿ ಈ ಸಂಬಂಧ ತಿರುವುಮುರುವಾಗಿದೆ: ಉಕ್ಕಿನ ಭಾರವನ್ನು ಕೂದಲು ಹೊತ್ತಿದೆ. ವಿದೇಶೀ ಸೂಚಿಗಳು ಇಂಥ ಕಡೆ ಆಚರಣೆಯ ವಿವರಣೆಗೆ ಹೆಚ್ಚು ಒತ್ತು ಕೊಟ್ಟು, ಹಗ್ಗ ಹೊಸೆದ ಕೈಗಳನ್ನು ಮರೆಯುತ್ತವೆ ಎಂಬುದು ನಮ್ಮ ದೂರು.

2012ರಲ್ಲಿ ಮೊದಲ ಕೊಚ್ಚಿ–ಮುಝಿರಿಸ್ ಬಿಯೆನಾಲೆಗೆ ಅವರು ಪತಿ ಕ್ರಿಸ್ಟೋಫ್ ಸ್ಟೋರ್ಜ್ ಅವರೊಡನೆ ‘ಸ್ಟಾಪ್‌ಓವರ್’ ಕೃತಿಯನ್ನು ಮಾಡಿದರು. ಬೆಂಗಳೂರಿನ ಮನೆಗಳಿಂದ ಹೊರಬಿದ್ದ ನೂರಕ್ಕೂ ಹೆಚ್ಚು ಒರಳುಕಲ್ಲುಗಳನ್ನು ಹೊತ್ತು ತಂದು, ಹಡಗಿಗೆ ಕಾದ ಸರಕಿನಂತೆ ಕೊಚ್ಚಿಯ ನೀರಂಚಿನಲ್ಲಿ ಇರಿಸಿದರು. ಒಡೆಯಲು ಮನಸ್ಸಾಗದೆ, ಇಟ್ಟುಕೊಳ್ಳಲು ಜಾಗವಿಲ್ಲದೆ ಮನೆಯವರು ರಸ್ತೆಬದಿಗೆ ಉರುಳಿಸಿ ಬಂದ ಕಲ್ಲುಗಳವು. ಊರು ಬಿಟ್ಟು ಬಂದ ನಮ್ಮಂಥವರ ಮುಂದೆ ಈ ಕೃತಿಯ ಛಾಯಾಚಿತ್ರ ಹಿಡಿದರೆ ಮಾತು ಕಲೆಯಿಂದ ಜಾರಿ ಅಜ್ಜಿಯ ಅಡಿಗೆಮನೆಗೆ ಹೋಗಿಬಿಡುತ್ತದೆ. ಅದನ್ನೂ ಸಂಶೋಧಕರು ಬರೆದುಕೊಳ್ಳಬೇಕು. ರುಬ್ಬುಗುಂಡು, ಒರಳು, ಬೀಸುಕಲ್ಲುಗಳ ಭೇದ ಬಲ್ಲವರು ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಮನೆಗಳಲ್ಲಿಯೂ ಕಡಿಮೆಯಾಗುತ್ತಿದ್ದಾರೆ.

ಶೀಲಾ ಗೌಡ ಅವರಿಗೆ 2019ರಲ್ಲಿ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂದಿತು. ಅದೇ ವರ್ಷ ಮಿಲಾನಿನಲ್ಲಿ ‘ರಿಮೇನ್ಸ್’ ಎಂಬ ದೊಡ್ಡ ಪ್ರದರ್ಶನ ನಡೆಯಿತು. ಅವರ ಬಗೆಗಿನ ಗಂಭೀರ ಬರಹದ ಬಹುಪಾಲು ಇಂಗ್ಲಿಷಿನಲ್ಲಿದೆ. ವಸ್ತುಗಳು ಕನ್ನಡ ನಾಡಿನವು, ಅವುಗಳ ವಿವರಣೆ ಮಾತ್ರ ಹೊರಗಿನದು.

ನಮ್ಮ ವಿದ್ಯಾರ್ಥಿಯು ಕೊನೆಗೆ ‘ಸಗಣಿ’ ಎಂದೇ ಉಳಿಸಿದರು. ‘ಹೇರ್ ರೋಪ್’ ಎಂಬಲ್ಲಿ ‘ಮುಡಿಯ ಹಗ್ಗ’ ಎಂದು ಬರೆದರು. ‘ಬಂಪರ್’ ಮತ್ತು ‘ಡ್ರಮ್ಮು’ಗಳನ್ನು ಹಾಗೆಯೇ ಬಿಟ್ಟರು; ನಾವೂ ತಿದ್ದಲಿಲ್ಲ.