ಮುರಿದ ಕೂವೆ

ಹಾಯಿಹಡಗಿನ ಮೇಲೆ ನೆಟ್ಟಗೆ ನಿಂತು ಹಾಯಿಯನ್ನು ಹೊರುವ ಕಂಬಕ್ಕೆ ಕನ್ನಡದಲ್ಲಿ ಕೂವೆ ಎಂದು ಹೆಸರು. ತಮಿಳಿನ ಕೂಂಬು ಇದರ ಒಡಹುಟ್ಟು. ಪೇಟೆಯಲ್ಲಿ ನೆಲಸಿದ ನಮಗೆ ಈ ಮಾತು ನಿಘಂಟಿನಲ್ಲಿ ಮಾತ್ರ ಸಿಕ್ಕೀತು. ಆದರೆ ಗಾಳಿಯನ್ನೇ ನಂಬಿ ಕಡಲಿಗಿಳಿದವನಿಗೆ ಕೂವೆ ಮುರಿಯಿತೆಂದರೆ, ಉಳುಮೆಯ ಹೊತ್ತಿನಲ್ಲಿ ಎತ್ತಿನ ಕಾಲು ಮುರಿದ ಒಕ್ಕಲಿಗನ ಪಾಡು. ಒಕ್ಕಲಿಗನಾದರೋ ನೆರೆಯವನ ಎತ್ತನ್ನು ಕೇಳಿ ತರಬಹುದು; ನಡುಗಡಲಿನಲ್ಲಿ ನೆರೆಯವರೆಲ್ಲಿ?

1957ರಲ್ಲಿ ಈ ಪಾಡು ‘ತ್ಸು ಹಾಂಗ್’ ಎಂಬ ನಾವೆಗೆ ಒದಗಿತು. 1938ರಲ್ಲಿ ಹಾಂಗ್‌ಕಾಂಗಿನಲ್ಲಿ ಕಟ್ಟಿದ, 46 ಅಡಿ ಉದ್ದದ, ಎರಡು ಕೂವೆಗಳ ಮರದ ನಾವೆ ಅದು. ಒಡೆಯರು ಮೈಲ್ಸ್ ಮತ್ತು ಬೆರಿಲ್ ಸ್ಮೀಟನ್ ದಂಪತಿಗಳು. ಮೈಲ್ಸ್ ಬ್ರಿಟಿಷರ ಕಾಲದ ಭಾರತೀಯ ಸೈನ್ಯದಲ್ಲಿ ಬ್ರಿಗೇಡಿಯರ್ ಆಗಿದ್ದವರು. ಬೆರಿಲ್ ಅವರಿಗಿಂತ ಒಂದು ಕೈ ಮೇಲು ಎನ್ನಬೇಕು: ದೇಶ ಸುತ್ತಿದ, ಬೆಟ್ಟ ಹತ್ತಿದ ಹೆಂಗಸು. 1939ರಲ್ಲಿ ಇವರು ತಿರಿಚ್ ಮೀರ್ ಪರ್ವತಕ್ಕೆ ಹೋದಾಗ ಜೊತೆಗಿದ್ದ ಶೆರ್ಪಾ, ಮುಂದೆ ಎವರೆಸ್ಟನ್ನೇರಿದ ತೇನ್‌ಸಿಂಗ್. ಇಂಥವರು 1950ರಲ್ಲಿ, ಹಾಯಿಯ ಅನುಭವ ಇಲ್ಲದೆಯೇ, ಈ ನಾವೆಯನ್ನು ಕೊಂಡರು!

1956ರ ಡಿಸೆಂಬರಿನಲ್ಲಿ ಅವರು ಮೆಲ್ಬೋರ್ನ್ ಬಿಟ್ಟು, ದಕ್ಷಿಣ ಅಮೆರಿಕದ ತುದಿಯಾದ ಹಾರ್ನ್ ಭೂಶಿರವನ್ನು ಸುತ್ತಿ ಇಂಗ್ಲೆಂಡಿಗೆ ಹೋಗಬೇಕೆಂದು ಹೊರಟರು. ಜಾನ್ ಗಜ್‌ವೆಲ್ ಎಂಬ ತರುಣ ಜೊತೆಗಾರ. ಬಡಗಿತನ ಕಲಿತವನು, ಇಪ್ಪತ್ತಡಿಯ ‘ಟ್ರೆಕ್ಕಾ’ ಎಂಬ ನಾವೆಯನ್ನು ತಾನೇ ಕಟ್ಟಿ, ಒಂಟಿಯಾಗಿ ಲೋಕ ಸುತ್ತಲು ಹೊರಟಿದ್ದವನು. ಅದನ್ನು ನ್ಯೂಜಿಲೆಂಡಿನಲ್ಲಿ ಬಿಟ್ಟು ಇವರೊಡನೆ ಬಂದಿದ್ದ. ನಾಲ್ಕನೆಯ ಪ್ರಯಾಣಿಕ, ಪ್ವೆ ಎಂಬ ಬೆಕ್ಕು.

1957ರ ಫೆಬ್ರವರಿ 14ರಂದು, ಚಿಲಿಯ ಕರೆ ಇನ್ನೂ ಸುಮಾರು ಸಾವಿರ ಮೈಲಿ ಇರುವಾಗ, ಹಿಂದಿನಿಂದ ಬಂದ ಮಹಾತರಂಗವೊಂದು ನಾವೆಯ ಹಿಂಬದಿಯನ್ನೆತ್ತಿ ತಲೆಕೆಳಗಾಗಿ ಮಗುಚಿತು. ಚುಕ್ಕಾಣಿ ಹಿಡಿದಿದ್ದ ಬೆರಿಲ್ ಸೊಂಟದ ಹಗ್ಗ ಕಡಿದು ಕಡಲಿಗೆ ಬಿದ್ದರು. ಗಾಯಗೊಂಡ ಮೈಯಲ್ಲೇ ಈಜಿ ಮರಳಿದರು. ನಾವೆ ತಾನಾಗಿ ನೆಟ್ಟಗಾಯಿತು. ಆದರೆ ಎರಡು ಕೂವೆಗಳೂ ಇಲ್ಲ, ಚುಕ್ಕಾಣಿ ಇಲ್ಲ, ಮೇಲ್ಮನೆ ಕಿತ್ತುಹೋದೆಡೆಯಲ್ಲಿ ಆರಡಿ ಅಗಲದ ಬಾಯಿ, ಒಳಗೆಲ್ಲ ನೀರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬೆರಿಲ್‌ರ ಧೈರ್ಯವನ್ನು ಹೊಗಳುತ್ತಾರೆ. ಹೊಗಳತಕ್ಕದ್ದೇ. ಆದರೆ ನನಗೆ ಮುಖ್ಯವಾಗಿ ಕಾಣುವುದು ಆಮೇಲಿನ ಬಡಗಿಯ ಕೆಲಸ. ಆ ಕೆಲಸಕ್ಕೆ ಒಂದು ಕ್ರಮವುಂಟು: ಮೊದಲು ನೀರು, ಆಮೇಲೆ ತೂತು, ಕೊನೆಗೆ ಕೂವೆ. ಬಕೆಟ್ಟಿನಿಂದ ನೀರನ್ನು ಗಂಟೆಗಟ್ಟಲೆ ಮೊಗೆದು ಚೆಲ್ಲಿದರು. ಹಲಗೆ, ಹಾಯಿಬಟ್ಟೆಗಳಿಂದ ಗಜ್‌ವೆಲ್ ಆ ಬಾಯನ್ನು ಮುಚ್ಚಿದ. ಕೂವೆ ಮುರಿದಾಗ ಅದನ್ನು ಹಿಡಿದ ಬಿಗಿತಂತಿಗಳು ಕಡಿಯುವುದಿಲ್ಲ. ಪಕ್ಕದಲ್ಲೇ ತೇಲುವ ಮರ ಒಂದೊಂದು ಅಲೆಗೂ ಬಂದು ನಾವೆಯ ಮೈಯನ್ನು ಗುದ್ದುತ್ತದೆ. ನಿನ್ನೆಯವರೆಗೆ ಕಾಪಾಡಿದ್ದನ್ನು ಇಂದು ಕಡಿದು ಕಡಲಿಗೆ ಬಿಡಬೇಕು. ಇನ್ನೊಂದು ವಿಚಿತ್ರ: ಮೇಲಣ ಭಾರ ಹೋದರೆ ನಾವೆ ನೆಮ್ಮದಿಯಾಗಿರಬೇಕೆಂದು ನಾವೆಣಿಸುತ್ತೇವೆ, ಹಾಗಲ್ಲ. ಕೂವೆಯ ತೂಕವೇ ಓಲಾಟವನ್ನು ನಿಧಾನಗೊಳಿಸುತ್ತಿತ್ತು. ಅದಿಲ್ಲದ ನಾವೆ ಇನ್ನೂ ಬಿರುಸಾಗಿ ಹೊರಳಾಡುತ್ತದೆ. ಅದರ ಮೇಲೆ ನಿಂತು ಗರಗಸ ಎಳೆಯಬೇಕು.

ನಾವೆಯೊಳಗೆ ಉಳಿದಿದ್ದ ಮರಮಟ್ಟುಗಳನ್ನೇ ಹುಡುಕಿ, ಗಜ್‌ವೆಲ್ ಬದಲಿ ಕೂವೆಯನ್ನೂ ಚುಕ್ಕಾಣಿಗೆ ಬದಲು ಉದ್ದನೆಯ ಹುಟ್ಟನ್ನೂ ಮಾಡಿದ. ಬದಲಿ ಕೂವೆ ಹಳೆಯದರ ಎತ್ತರಕ್ಕೆ ಹೋಗಬಾರದು. ಎತ್ತರ ಹೆಚ್ಚಿದಷ್ಟೂ ಗಾಳಿಯ ಎಳೆತ ಹೆಚ್ಚು, ಎತ್ತಿ ನಿಲ್ಲಿಸುವ ಕಷ್ಟವೂ ಹೆಚ್ಚು. ಮುಂದೆ, ಹಿಂದೆ, ಎರಡು ಪಕ್ಕಗಳಿಗೆ ಹಗ್ಗ ಬಿಗಿಯಬೇಕು; ಒಂದು ಸಡಿಲಾದರೂ ಮತ್ತೆ ಮೊದಲಿಂದ. ಅಷ್ಟಾದರೂ ಅದು ಹೊರುವುದು ಅಂಗೈಯಗಲದ ಹಾಯಿಯನ್ನು. ಅಂಥ ನಾವೆ ಗಾಳಿಗೆದುರಾಗಿ ಹೋಗಲಾರದು. ಹಾರ್ನಿನ ಆಸೆಯನ್ನು ಬಿಟ್ಟು, ಪಡುವಣ ಗಾಳಿಗೆ ಬೆನ್ನು ಕೊಟ್ಟು, ಬಡಗಣ ಮೂಡಣಕ್ಕೆ ಓಸರಿಸುತ್ತಾ, ಐದು ವಾರಗಳ ಮೇಲೆ ಮಾರ್ಚ್ ತಿಂಗಳಲ್ಲಿ ಚಿಲಿಯ ಕೊರೊನೆಲ್ ಬಂದರನ್ನು ಸೇರಿದರು. ಬೆಕ್ಕೂ ಸೇರಿತು.

ತಾಲ್ಕವಾನೋದ ನೌಕಾಪಡೆಯ ಕಟ್ಟೆಯಲ್ಲಿ ನಾವೆಗೆ ಹೊಸ ಕೂವೆಗಳು ಬಂದವು. ಗಜ್‌ವೆಲ್ ತನ್ನ ಟ್ರೆಕ್ಕಾದ ಬಳಿಗೆ ಹೋದ. 1959ರಲ್ಲಿ ಆ ಪುಟ್ಟ ನಾವೆಯಲ್ಲಿ ಲೋಕ ಸುತ್ತಿ ಮುಗಿಸಿದ. ದಂಪತಿಗಳಿಬ್ಬರೇ 1957ರ ಡಿಸೆಂಬರಿನಲ್ಲಿ ಮತ್ತೆ ಹಾರ್ನ್ ಕಡೆಗೆ ಹೊರಟರು. ಇದನ್ನು ಸಾಹಸವೆನ್ನಬೇಕೋ ಹಟವೆನ್ನಬೇಕೋ! ಡಿಸೆಂಬರ್ 26ರಂದು ಬಿರುಗಾಳಿಯಲ್ಲಿ ನಾವೆ ಮತ್ತೆ ಉರುಳಿತು. ಮತ್ತೆ ಎರಡು ಕೂವೆಗಳೂ ಹೋದವು.

ಈ ಸಲ ಬಡಗಿಯಿಲ್ಲ. ಐವತ್ತು ದಾಟಿದ ಗಂಡಹೆಂಡಿರಿಬ್ಬರು, ಹತ್ತು ತಿಂಗಳ ಹಿಂದೆ ಆ ತರುಣನ ಕೈ ಹೇಗೆ ನಡೆಯಿತೆಂಬುದನ್ನು ಕಂಡ ನೆನಪು, ಅಷ್ಟೆ. ಅದೇ ಕ್ರಮ: ನೀರು, ತೂತು, ಕೂವೆ. ತಾವೇ ಎತ್ತಿ ನಿಲ್ಲಿಸಿದ ಗಿಡ್ಡ ಕಂಬಕ್ಕೆ ಹಾಯಿ ಕಟ್ಟಿಕೊಂಡು ವಾಲ್ಪರೈಸೊ ಬಂದರನ್ನು ಮುಟ್ಟಿದರು. ಬಡಗಿಯ ಹೆಸರು ಚರಿತ್ರೆಯಲ್ಲಿ ಕಪ್ತಾನನ ಹೆಸರಿನ ನೆರಳಿನಲ್ಲಿರುತ್ತದೆ. ಈ ಎರಡನೆಯ ಕೂವೆಯಲ್ಲಿ ಗಜ್‌ವೆಲ್ಲನ ಪಾಲಿಲ್ಲವೆಂದು ಯಾರು ಹೇಳಬಲ್ಲರು?

1959ರಲ್ಲಿ ಮೈಲ್ಸ್ ಈ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿ, ‘ಒಮ್ಮೆಯೇ ಸಾಕು’ ಎಂಬರ್ಥದ ಹೆಸರಿಟ್ಟರು. ಎರಡು ಸಲ ಮಗುಚಿದವರು ಇಟ್ಟ ಹೆಸರು! ಅದೂ ನಿಜವಾಗಲಿಲ್ಲ. 1968ರ ಡಿಸೆಂಬರಿನಲ್ಲಿ, ಈ ಸಲ ಮೂಡಣದಿಂದ ಪಡುವಣಕ್ಕೆ, ಮುಪ್ಪಾದ ತ್ಸು ಹಾಂಗ್ ಹಾರ್ನ್ ಭೂಶಿರವನ್ನು ಸುತ್ತಿತು.